ಸರದಿ ಬಿಟ್ಟುಕೊಟ್ಟ ಸಾಹೇಬರು

ಅದು ೧೯೪೩ನೇ ಇಸವಿ, ದಸರೆಯ ಬೆನ್ನಿಗೆ ನಡೆದದ್ದು. ಯುದ್ಧದ ಕಾಲ. ಸೀಮೆಎಣ್ಣೆ, ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಮಂಡ್ಯವನ್ನು ಜಿಲ್ಲೆ ಅಂತ ಮಾಡಿ ಇನ್ನೂ ಕೆಲವೇ ವರ್ಷ ಆಗಿತ್ತು. ನಾನು ಕಿರುಗಾವಲು ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಬಂದಿದ್ದೆ.

ನಮ್ಮ ಮಾವನವರು ಆಗ ಮಳವಳ್ಳಿ ತಾಲ್ಲೂಕಿನಿಂದ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಹೋಗಿದ್ದರು. ಈಗಿನ ಮಕ್ಕಳಿಗೆ ಆ ಸಭೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕು. ಆಗ ನಮ್ಮದು ಮಹಾರಾಜರ ಸೀಮೆ. ಈಗ ದಿಲ್ಲಿಯಲ್ಲಿ ಪಾರ್ಲಿಮೆಂಟು ನಡೆಯುತ್ತದಲ್ಲ, ಹಾಗೆ ಮೈಸೂರು ಸೀಮೆಗೆ ಆ ಸಭೆ. ದಿವಾನರು ಮೇಲೆ ಕೂರುವರು. ತಾಲ್ಲೂಕು ತಾಲ್ಲೂಕಿನಿಂದ ಬಂದವರು ಕೆಳಗೆ ಕೂತು, ಸರದಿ ಬಂದಾಗ ಎದ್ದು ತಮ್ಮ ಕಡೆಯ ಕಷ್ಟ ಹೇಳಿಕೊಳ್ಳುವರು.

ಮಾವನವರ ಗಂಟಲು ಅಂದರೆ ಗಂಟಲು. ಗದ್ದೆ ಬದುವಿನ ಮೇಲೆ ನಿಂತು ಆಳನ್ನು ಕೂಗಿದರೆ ನಾಲೆಯ ಆಚೆ ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತುತ್ತಿದ್ದವು. ಆದರೆ ನನ್ನ ಹತ್ತಿರ ಅವರು ಒಂದು ಮಾತೂ ಆಡಿದವರಲ್ಲ. ಸಿಟ್ಟಲ್ಲ, ನಮ್ಮ ಮನೆಗಳ ಪದ್ಧತಿ ಹಾಗೆ. ಮಾವ ಜಗಲಿಯಲ್ಲಿದ್ದರೆ ಸೊಸೆ ಹಿತ್ತಲ ಬಾಗಿಲಲ್ಲಿ ಓಡಾಡಬೇಕು. ನನಗೇನಾದರೂ ಹೇಳುವುದಿದ್ದರೆ ಅವರು ಗೋಡೆ ನೋಡಿಕೊಂಡು ಅತ್ತೆಗೆ ಹೇಳುವರು. ಇನ್ನು ಬಸಿರು, ಹೆರಿಗೆ ಅನ್ನುವ ಮಾತುಗಳಂತೂ ಗಂಡಸರ ಬಾಯಲ್ಲಿ ಹೆಂಗಸರ ಮುಂದೆ ಬರುವ ಹಾಗೇ ಇಲ್ಲ. ನಾನು ಬಸುರಿ ಅನ್ನುವುದನ್ನು ಅತ್ತೆ ಅವರಿಗೆ ತಿಳಿಸಿದ್ದು, "ಸೊಸೆಗೆ ಯಾಕೋ ಊಟ ಸೇರ್ತಿಲ್ಲ" ಅಂತ. ಅವರು "ಹೂಂ" ಅಂದು ಎದ್ದು ಕೊಟ್ಟಿಗೆಗೆ ಹೋಗಿಬಿಟ್ಟಿದ್ದರು.

ಅದು ನನ್ನ ಎರಡನೆಯ ಬಸಿರು. ಮೊದಲನೆಯದರ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಿಂದಿನ ವರ್ಷ ನೋವು ಶುರುವಾಗಿ, ಊರಿನ ಸೂಲಗಿತ್ತಿ ಅಜ್ಜಿ ತನ್ನ ಕೈಲಾದದ್ದೆಲ್ಲ ಮಾಡಿ, ಕೊನೆಗೆ "ಇದು ನನ್ ಕೈಲಾಗಕಿಲ್ಲ, ಗಾಡಿ ಕಟ್ರಪ್ಪ" ಅಂದಳು. ಹೋಬಳಿಯಲ್ಲಿ ಸರ್ಕಾರಿ ಆಸ್ಪತ್ರೆ ಇತ್ತು, ಡಾಕ್ಟರೂ ಇದ್ದರು. ಆದರೆ ಹೆರಿಗೆ ನೋಡುವ ನರ್ಸಮ್ಮ ಇರಲಿಲ್ಲ. ಗಂಡಸು ಡಾಕ್ಟರನ್ನು ಹೆರಿಗೆಗೆ ಕರೆಯುವ ಯೋಚನೆ ಯಾರ ತಲೆಗೂ ಬರಲಿಲ್ಲ. ಮಂಡ್ಯದ ಕಡೆ ಗಾಡಿ ಹೊಡೆದರು. ದಾರಿಯಲ್ಲೇ ಗಂಡು ಮಗು ಹುಟ್ಟಿತು, ಅಳಲಿಲ್ಲ. ಅಲ್ಲಿಂದಲೇ ಗಾಡಿ ತಿರುಗಿಸಿದರು. ಮನೆಯಲ್ಲಿ ಆಮೇಲೆ ಅದರ ಸುದ್ದಿ ಎತ್ತಿದವರಿಲ್ಲ. ಮಾವ ಆ ಮಗುವನ್ನು ಮರೆತೇಬಿಟ್ಟರು ಅಂತ ನನ್ನ ಮನಸ್ಸಿನಲ್ಲಿತ್ತು.

ಈ ಸಲ ಮಾವ ಸಭೆಯಲ್ಲಿ ಕೇಳಲು ಕೊಟ್ಟಿರುವ ವಿಷಯ ಹೋಬಳಿ ಆಸ್ಪತ್ರೆಗೆ ಒಂದು ಹೆರಿಗೆ ವಾರ್ಡು, ಒಬ್ಬ ನರ್ಸಮ್ಮ ಅಂತ ನನ್ನ ಯಜಮಾನರು ಗುಟ್ಟಾಗಿ ಹೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. "ಸುಮ್ನೆ ಕೊಟ್ರೆ ಆಗಲ್ಲ ಕಣೆ. ಹೆಸರು ಕರೆದಾಗ ಎದ್ದು ಬಾಯಿಬಿಟ್ಟು ಕೇಳಬೇಕು. ಕೇಳದೆ ಕೂತರೆ ವಿಷಯ ಬಿದ್ದೋಯ್ತದೆ, ಆಮೇಲೆ ಬರೋ ವರ್ಷವೇ" ಅಂತಲೂ ಅಂದರು. ನಾನು ಬೆರಳು ಮಡಿಸಿ ನೋಡಿಕೊಂಡೆ. ನನಗೆ ಬರುವ ವರ್ಷದ ತನಕ ಪುರುಸೊತ್ತಿರಲಿಲ್ಲ.

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಮನೆ ಇತ್ತು. ದಸರೆಯ ನೆಪ ಮಾಡಿಕೊಂಡು ಅತ್ತೆ, ನಾನು ಇಬ್ಬರೂ ಮಾವನವರ ಜೊತೆ ಹೊರಟೆವು. ಬಸ್ಸಿನಲ್ಲಿ ಪರಿಚಯದವರೊಬ್ಬರು ಮಾವನನ್ನು ಹಿಡಿದುಕೊಂಡರು.

"ಏನ್ ಗೌಡ್ರೇ, ಈ ಸಲ ಏನ್ ಕೇಳೀರಿ? ನಾಲೆ ನೀರಾ?"

"ಅಲ್ಲ ಕಣಯ್ಯ."

"ಕಬ್ಬಿನ ರೇಟಾ?"

"ಅದೂ ಅಲ್ಲ."

"ಮತ್ತಿನ್ನೇನು ಮಾರಾಯ್ರೇ?"

"ಏನೋ ಆಸ್ಪತ್ರೆದು. ಬುಡಯ್ಯ ಅತ್ಲಾಗೆ" ಅಂದು ಮಾವ ಕಿಟಕಿ ಕಡೆ ಮುಖ ತಿರುಗಿಸಿದರು. ಅವರ ಕಿವಿ ಕೆಂಪಗಾಗಿದ್ದು ನನಗೆ ಹಿಂದಿನ ಸೀಟಿನಿಂದಲೇ ಕಂಡಿತು.

ಸಭೆಯ ದಿನ ಬೆಳಿಗ್ಗೆ ಮಾವ ಕರಿ ಕೋಟು, ಜರಿ ಪೇಟ ಹಾಕಿಕೊಂಡು ಬೇಗನೆ ಹೋದರು. ಅವರು ಅತ್ತ ಹೋದದ್ದೇ ತಡ, ಅತ್ತೆ ಚಿಕ್ಕಪ್ಪನನ್ನು ಕಾಡಿಸಿ, ಮೇಲೆ ಕೂತು ನೋಡುವವರಿಗೆ ಕೊಡುವ ಪಾಸು ತರಿಸಿದರು. "ಇಷ್ಟು ವರ್ಸ ನನ್ ಮೇಲೆ ಕೂಗಾಡಿದ್ದು ಕೇಳಿವ್ನಿ, ದಿವಾನರ ಮುಂದೆ ಎಂಗೆ ಕೂಗಾಡ್ತದೆ ಒಸಿ ನೋಡಾನ ಬಾ ಮಗ" ಅಂತ ನನ್ನನ್ನೂ ಹೊರಡಿಸಿದರು. ನಾವು ಬರುವ ವಿಷಯ ಮಾವನಿಗೆ ಗೊತ್ತಿಲ್ಲ.

ಸಭಾಂಗಣ ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಷ್ಟು ಎತ್ತರದ ಚಾವಣಿ. ಮೇಲೆ ಹೆಂಗಸರಿಗೆ ಬೇರೆ ಜಾಗ, ಮುಂದೆ ಯಾರೂ ಕೆಳಗೆ ಬೀಳದ ಹಾಗೆ ಮೊಣಕಾಲೆತ್ತರದ ಮರದ ಕಟಾಂಜನ. ಕೆಳಗೆ ನೋಡಿದರೆ ಬರೀ ಪೇಟಗಳು. ಗಂಟೆ ಬಾರಿಸಿತು. ಎದೆಗೆ ಡವಾಲಿ ಪಟ್ಟಿ ಹಾಕಿದ ಜವಾನನೊಬ್ಬ ಏನೋ ಕೂಗಿದ, ಎಲ್ಲರೂ ದಡಬಡ ಎದ್ದು ನಿಂತರು. ದಿವಾನರು ಬಂದು ಕೂತ ಮೇಲೆ ಎಲ್ಲರೂ ಕೂತರು. ಮೊದಲು ಆ ವರ್ಷ ತೀರಿಕೊಂಡ ಸದಸ್ಯರೊಬ್ಬರನ್ನು ನೆನೆದು ಎಲ್ಲರೂ ಸುಮ್ಮನೆ ನಿಂತರು. ಆಮೇಲೆ ಪ್ರಶ್ನೆಗಳು. ಯಾರೋ ಸೀಮೆಎಣ್ಣೆ ಕೇಳಿದರು. ಅಧಿಕಾರಿಯೊಬ್ಬರು ಎದ್ದು, "ವಿಷಯ ಸರ್ಕಾರದ ಪರಿಶೀಲನೆಯಲ್ಲಿದೆ" ಅಂದರು. ಇನ್ನೊಬ್ಬರು ಸೇತುವೆ ಕೇಳಿದರು. ಅದೂ ಪರಿಶೀಲನೆಯಲ್ಲಿತ್ತು. ಮತ್ತೊಬ್ಬರ ಸ್ಕೂಲು ಕಟ್ಟಡವೂ ಅಲ್ಲೇ.

ಅತ್ತೆ ನನ್ನ ಕಿವಿಯಲ್ಲಿ, "ಅದೆಲ್ಲದವ್ವ ಆ ಪರಿಶೀಲನೆ? ಎಲ್ಲಾನೂ ತಕ್ಕೋಗಿ ಅಲ್ಲೇ ಮಡುಗವ್ರಲ್ಲ" ಅಂದರು. ಪಕ್ಕದಲ್ಲಿದ್ದ ಮೈಸೂರಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

ಆಮೇಲೆ ತಾಲ್ಲೂಕಿನವರ ಸರದಿ. ಒಬ್ಬೊಬ್ಬರ ಹೆಸರೂ ಕರೆಯುವುದು, ಅವರು ಎದ್ದು ಹೇಳುವುದು, ಹೊತ್ತು ಮೀರಿದರೆ ಗಂಟೆ ಹೊಡೆಯುವುದು. ಮಾವನ ಹೆಸರು ಕರೆದಾಗ ನಾನು ಮುಂದಕ್ಕೆ ಬಾಗಿ ಕೂತೆ. ಮಾವ ಎದ್ದರು, ಕೈಮುಗಿದರು.

"ಸ್ವಾಮೀ, ನಮ್ ಹೋಬಳಿ ಆಸ್ಪತ್ರೆಗೆ..." ಅಂದರು. ಜೋರಾದ, ಗಟ್ಟಿ ದನಿ. ಅತ್ತೆ ಹೆಮ್ಮೆಯಿಂದ ನನ್ನ ತೊಡೆ ಚಿವುಟಿದರು. ಅಷ್ಟರಲ್ಲಿ ಮಾವ ಪೇಟ ಸರಿಮಾಡಿಕೊಳ್ಳಲು ತಲೆ ಎತ್ತಿದರು. ನಮ್ಮನ್ನು ನೋಡಿಬಿಟ್ಟರು.

ಬಾಯಿ ತೆರೆದದ್ದು ಹಾಗೇ ನಿಂತಿತು. ಕೆಮ್ಮಿದರು. ನೆಲ ನೋಡಿದರು. ಮತ್ತೆ ಕೆಮ್ಮಿದರು. "ಆಸ್ಪತ್ರೆಗೆ... ಆಸ್ಪತ್ರೆಗೆ ಸುಣ್ಣ ಬಳೀಬೇಕು ಸ್ವಾಮಿ" ಅಂದರು.

ಸಭೆಗೆ ಸಭೆಯೇ ನಕ್ಕಿತು. ದಿವಾನರು ಮುಂದಿದ್ದ ಕಾಗದ ನೋಡಿ, "ಇಲ್ಲಿ ಬೇರೆ ಏನೋ ಇದೆಯಲ್ಲ ಗೌಡರೇ? ಇದನ್ನು ಮಂಡಿಸುತ್ತೀರೋ, ಬಿಡುತ್ತೀರೋ?" ಅಂತ ಸಮಾಧಾನವಾಗಿಯೇ ಕೇಳಿದರು. ನಾಲೆಯಾಚೆಗೆ ಕೇಳುವ ಹಾಗೆ ಕೂಗುವ ಮನುಷ್ಯ ಬೊಂಬೆಯ ಹಾಗೆ ನಿಂತುಬಿಟ್ಟಿದ್ದರು.

"ಸುಣ್ಣವಂತೆ, ಸುಣ್ಣ! ಇವರ ಬಾಯಿಗೆ ಏನಾಯ್ತವ್ವ ಇವತ್ತು?" ಅಂತ ಅತ್ತೆ ಹಣೆ ಬಡಿದುಕೊಂಡರು.

ಏನಾಯ್ತು ಅಂತ ನನಗೆ ತಿಳಿದುಹೋಗಿತ್ತು. ನಾನು ಕಣ್ಣೆದುರು ಇರುವ ತನಕ ಆ ಮಾತು ಅವರ ಬಾಯಿಂದ ಬರುವುದಿಲ್ಲ. ಬರದಿದ್ದರೆ ವಿಷಯ ಬಿದ್ದುಹೋಗುತ್ತದೆ. ನಾನು ಎದ್ದೆ. ಅತ್ತೆ ಸೆರಗು ಹಿಡಿದು ಎಳೆದರು, ಬಿಡಿಸಿಕೊಂಡೆ. ನಾನು ಹೋಗುವುದು ಕೆಳಗೆ ಕಾಣಲಿ ಅಂತ ಕಟಾಂಜನದ ಪಕ್ಕದಲ್ಲೇ ಉದ್ದಕ್ಕೂ ನಡೆದು, ಬಾಗಿಲು ದಾಟಿ ಮೆಟ್ಟಿಲ ಮೇಲೆ ನಿಂತೆ. ಒಳಗೆ ಗಂಟೆ ಹೊಡೆಯಿತು. ಮಾವನ ಹೊತ್ತು ಮುಗಿಯಿತು ಅಂತ ಅರ್ಥ.

ಆಗ ಒಂದು ಹೊಸ ದನಿ ಕೇಳಿಸಿತು.

"ಸ್ವಾಮಿ, ಮುಂದಿನ ಸರದಿ ನಂದು. ಮದ್ದೂರು ಪೇಟೇಲಿ ನಮ್ ಜನಕ್ಕೆ ನೀರಿನ ನಲ್ಲಿ ಕೇಳೋಣಾಂತ ಇದ್ದೆ. ಅದನ್ನ ಈ ಸಲ ಬಿಡ್ತೀನಿ. ಆ ಹೊತ್ತು ಗೌಡ್ರ ವಿಷಯಕ್ಕೆ ದಯಮಾಡಿ ಕೊಡಬೇಕು."

"ಯಾಕೆ ಸಾಹೇಬರೇ?" ಅಂದರು ದಿವಾನರು.

"ಗೌಡ್ರ ಮನೆ ಹೆಣ್ಮಕ್ಕಳು ಮೇಲೆ ಕೂತಿದ್ರು ಸ್ವಾಮಿ, ಅದಕ್ಕೇ ಅವರ ಬಾಯಿ ಕಟ್ಟೋಯ್ತು. ನಮ್ಮನೇವ್ರು ಮದ್ದೂರಲ್ಲೇ ಅವ್ರೆ, ನಂಗೆ ಆ ಭಯ ಇಲ್ಲ."

ಮತ್ತೆ ನಗು. ಆದರೆ ಈ ಸಲದ ನಗು ಬೇರೆ ಥರ ಇತ್ತು. ಅಪ್ಪಣೆ ಸಿಕ್ಕಿತು ಅಂತ ಕಾಣುತ್ತದೆ. ದನಿ ಮುಂದುವರಿಯಿತು.

"ನಾನು ಕಬ್ಬಿಣದ ಅಂಗಡಿಯೋನು ಸ್ವಾಮಿ, ಗಾಡಿ ಚಕ್ರಕ್ಕೆ ಪಟ್ಟೆ ಮಾರ್ತೀನಿ. ಗೌಡ್ರ ಕಡೆ ರಸ್ತೆ ಹಾಳಾಗಿದ್ರೇ ನಂಗೆ ವ್ಯಾಪಾರ. ಅಲ್ಲಿ ಕಬ್ಬಿಣದ ಪಟ್ಟೇನೇ ಕಿತ್ಕೊಂಡು ಹೋಗ್ತದೆ. ಕಬ್ಬಿಣಾನೇ ತಡೀದಿರೋ ದಾರೀಲಿ ಹೆರಿಗೆ ನೋವು ತಿನ್ನೋ ಹೆಂಗಸರನ್ನ ಮಲಗಿಸ್ಕೊಂಡು ಹೋಗ್ತಾರೆ ಸ್ವಾಮಿ. ಇನ್ನು ಮುಂದಿಂದು ಗೌಡ್ರೇ ಹೇಳ್ಬೇಕು. ಹೇಳಿ ಗೌಡ್ರೇ, ಮೇಲೆ ಯಾರೂ ಇಲ್ಲ."

ಅತ್ತೆ ಇನ್ನೂ ಮೇಲೇ ಇದ್ದರು. ಆದರೆ ಅತ್ತೆಯನ್ನು ಲೆಕ್ಕಕ್ಕೆ ಹಿಡಿದವರು ಯಾರು!

ಆಮೇಲೆ ಮಾವನ ದನಿ ಬಂತು. ಕೂಗಲಿಲ್ಲ, ಮನೆಯ ಜಗಲಿಯಲ್ಲಿ ಆಡುವ ಹಾಗೆ ಆಡಿದರು.

"ಓದ್ ವರ್ಸ ನಮ್ಮನೆ ಗಾಡೀಲೇ ಒಂದು ಕೂಸು ಓಯ್ತು ಸ್ವಾಮಿ. ಎತ್ತಿನ ಮುಂದೆ ನಾನೇ ನಡೀತಿದ್ದೆ. ತಿರುಗಿ ನೋಡಕೂ ಧೈರ್ಯ ಬರ್ನಿಲ್ಲ. ಇವತ್ಗೂ ಆ ದಾರೀಲಿ ಓಗುವಾಗ ಆ ಜಾಗ ಬಂದ್ರೆ ನಂಗೆ ಕಾಲು ಎತ್ತಿಡಕಾಗಕಿಲ್ಲ. ಹೆರಿಗೆ ಮಾಡ್ಸೋ ಒಬ್ಬ ಹೆಣ್ಮಗಳನ್ನ ಕಳ್ಸಿಕೊಡಿ. ಸುಣ್ಣ ನಾವೇ ಬಳ್ಕತೀವಿ."

ಈ ಸಲ ಯಾರೂ ನಗಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮಾವ ಏನನ್ನೂ ಮರೆತಿರಲಿಲ್ಲ. ಒಂದು ವರ್ಷ ಪೂರ್ತಿ ಆ ಕೂಸನ್ನು ಒಳಗೇ ಹೊತ್ತುಕೊಂಡು ಓಡಾಡಿದ್ದರು. ಒಳಗೆ ಸದಸ್ಯರು ಮೇಜು ಕುಟ್ಟುತ್ತಿದ್ದ ಸದ್ದು ಕೇಳಿಸಿತು. ದಿವಾನರು ಅಧಿಕಾರಿಗೆ ಬೇಗ ನೋಡಿ ಅಂತ ಹೇಳಿದರಂತೆ. ಅಧಿಕಾರಿ, ವಿಷಯ ಪರಿಶೀಲನೆಗೆ ತೆಗೆದುಕೊಳ್ಳುತ್ತೇವೆ ಅಂದರಂತೆ. ಇದನ್ನು ಆಮೇಲೆ ಅತ್ತೆ ಹೇಳಿದ್ದು. "ನಮ್ದೂ ಅಲ್ಲಿಗೇ ಓಯ್ತು ಕಣವ್ವ. ಓದ್ರೂ ಓಗ್ಲಿ, ಬಿದ್ದಂತೂ ಓಗ್ಲಿಲ್ಲ" ಅಂದರು.

ಊಟದ ಬಿಡುವಿನಲ್ಲಿ ಹೊರಗಿನ ಜಗಲಿಯಲ್ಲಿ ಸಾಹೇಬರನ್ನು ಕಂಡೆ. ಕೆಂಪು ಟೋಪಿ, ನರೆತ ಗಡ್ಡ, ಸಣಕಲು ಮನುಷ್ಯ. ಅಷ್ಟು ಸಣಕಲು ದೇಹದಿಂದ ಆ ದನಿ ಬಂತೇ ಅನ್ನಿಸಿತು. ಅವರಿಗೂ ಮಾವನಿಗೂ ಮೊದಲಿಂದ ಗುರುತೇನೂ ಇರಲಿಲ್ಲ. ಆವತ್ತು ಬೆಳಿಗ್ಗೆ ಪಕ್ಕಪಕ್ಕ ಕೂತದ್ದಷ್ಟೇ.

"ಬೆಳಿಗ್ಗೆಯಿಂದ ನನ್ ಕಿವಿ ತೂತು ಬೀಳೋ ಹಂಗೆ ಬಾಯಿಪಾಠ ಒಪ್ಪಿಸಿದ್ರು ಕಣಮ್ಮ ನಿಮ್ಮ ಯಜಮಾನ್ರು" ಅಂದರು ಅತ್ತೆಗೆ. "ಒಂದಕ್ಷರ ತಪ್ಪಿಲ್ಲ. ಮೇಲೆ ನೋಡಿದ್ರು ನೋಡಿ, ಎಲ್ಲಾ ಹಾರೋಯ್ತು! ಗೌಡ್ರೇ, ಸುಣ್ಣದ ಬಾಂಡ್ಲಿ ಬೇಕಾದ್ರೆ ನಮ್ಮಂಗಡೀಲಿ ಅದೆ."

ಮಾವ ನಾಚಿಕೊಂಡು, "ಬುಡಿ ಸಾಹೇಬ್ರೇ, ಸಾಯಗಂಟ ಆಡ್ಕತೀರಾ" ಅಂದರು.

"ಅಣ್ಣಾ, ನಿಮ್ಮ ನಲ್ಲಿ ಓಯ್ತಲ್ಲ" ಅಂದರು ಅತ್ತೆ.

"ನಲ್ಲಿ ಬರೋ ವರ್ಷಾನೂ ಕೇಳ್ಬೋದಮ್ಮ. ನಮ್ ಹೆಣ್ಮಕ್ಕಳು ಇನ್ನೊಂದು ವರ್ಷ ಬಾವಿ ಹಗ್ಗ ಎಳೀತಾರೆ, ನನ್ನ ಬೈಕೊಂಡು. ಹೆರಿಗೆ ಬರೋ ವರ್ಷದ ತನಕ ಕಾಯ್ತದಾ?"

ಅತ್ತೆಯ ಬೆನ್ನ ಹಿಂದೆ ನಿಂತಿದ್ದ ನಾನು ಸೆರಗು ಹೊದ್ದು ಕೈಮುಗಿದೆ. ಗುರುತಿಲ್ಲದ ಗಂಡಸಿನ ಜೊತೆ ನಾನು ಒಂದು ಮಾತೂ ಆಡುವ ಹಾಗಿರಲಿಲ್ಲ. ಅವರು ನನ್ನ ಕಡೆ ನೋಡದೆಯೇ, "ಹುಷಾರು ತಾಯಿ" ಅಂದು ಹೊರಟುಹೋದರು. ಆಮೇಲೆ ನಾನು ಅವರನ್ನು ನೋಡಲೇ ಇಲ್ಲ.

ಸರ್ಕಾರದ ಕೆಲಸ ನಿಧಾನ, ಅದು ಎಲ್ಲರಿಗೂ ಗೊತ್ತು. ನಮ್ಮ ಆಸ್ಪತ್ರೆಗೆ ನರ್ಸಮ್ಮ ಬಂದದ್ದು ಯುದ್ಧ ಮುಗಿದ ಮೇಲೆ. ಆದರೆ ನಮ್ಮ ಮನೆಯಲ್ಲಿ ಅಷ್ಟು ಕಾಯಬೇಕಾಗಲಿಲ್ಲ. ಅಷ್ಟು ಜನ ಪೇಟದವರ ಮುಂದೆ ಒಂದು ಸಲ ಆಡಿದ ಮಾತು ಮಾವನ ಬಾಯಿಗೆ ಆಮೇಲೆ ಕಷ್ಟವಾಗಲಿಲ್ಲ. ನನಗೆ ದಿನ ತುಂಬುವ ಮೊದಲೇ ಮಂಡ್ಯದಲ್ಲಿ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು ಅತ್ತೆಯನ್ನೂ ನನ್ನನ್ನೂ ಇಟ್ಟರು. ಊರ ಕಟ್ಟೆಯ ಮೇಲೆ ಕೂತವರು, "ಏನ್ಲಾ ಗೌಡ, ಸೊಸೆ ಹೆರಿಗೆಗೆ ಪಟ್ಣದಲ್ಲಿ ಮನೆ ಮಾಡಿದ್ದೀಯಂತೆ" ಅಂತ ಆಡಿಕೊಂಡರಂತೆ. "ಹೂಂ ಕಣ್ಲಾ, ಹೆರಿಗೆಗೇಯ. ನಿನ್ ಸೊಸೆಗೂ ಬೇಕಾದ್ರೆ ಯೋಳು, ಅದೇ ಕೋಣೆ ಕೊಡುಸ್ತೀನಿ" ಅಂದರಂತೆ ಮಾವ.

ಮಗಳು ಮಂಡ್ಯದ ಆಸ್ಪತ್ರೆಯಲ್ಲಿ ಹುಟ್ಟಿದಳು. ಹುಟ್ಟಿದವಳೇ ಅತ್ತಳು. ಹೊರಗೆ ಬೆಂಚಿನ ಮೇಲಿದ್ದ ಮಾವ ಎದ್ದು ನಿಂತು, ಆ ನಾಲೆ ದಾಟುವ ಗಂಟಲಲ್ಲಿ, "ನನ್ ಸೊಸೆ ಹೆತ್ತಳು ಕಣ್ರಪ್ಪೋ!" ಅಂತ ಕೂಗಿದ್ದು ಒಳಗೆ ಮಲಗಿದ್ದ ನನಗೂ ಕೇಳಿಸಿತು. "ಇದು ಆಸ್ಪತ್ರೆ ಕಣ್ರೀ, ಸಂತೆಯಲ್ಲ" ಅಂತ ನರ್ಸಮ್ಮ ಗದರಿಸಿದ್ದೂ ಕೇಳಿಸಿತು.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಅವರು ಟಿವಿಯಲ್ಲಿ ಪಾರ್ಲಿಮೆಂಟು ಹಾಕುತ್ತಾರೆ. ನನ್ನ ಸರದಿ, ನನ್ನ ಹೊತ್ತು ಅಂತ ದೊಡ್ಡವರೆಲ್ಲ ಎದ್ದೆದ್ದು ನಿಂತು ಜಗಳಾಡುವುದನ್ನು ನೋಡಿ ಹುಡುಗರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಸರದಿ ಬೇಕು ಅನ್ನುವುದರಲ್ಲಿ ತಪ್ಪೇನೂ ಇಲ್ಲ, ಅದಕ್ಕಾಗಿಯೇ ಜನ ಅವರನ್ನು ಕಳಿಸಿರುವುದು. ಮದ್ದೂರಿನ ಜನ ಸಾಹೇಬರನ್ನು ಕಳಿಸಿದ್ದೂ ಅದಕ್ಕೇ. ಅವರು ಅದನ್ನು ಹಿಂದುಮುಂದು ನೋಡದೆ, ಗುರುತಿಲ್ಲದ ಒಂದು ಮನೆಗೆ ಕೊಟ್ಟುಬಿಟ್ಟರು. ಅವತ್ತು ಬಾಯಿಬಿಟ್ಟು ಹೇಳಲಾಗದ್ದನ್ನು ಇಷ್ಟು ವರ್ಷದ ಮೇಲೆ ಇಲ್ಲಿ ಬರೆದು ಹೇಳುತ್ತಿದ್ದೇನೆ. ನನ್ನ ಮಗಳು, ಅವಳ ನಂತರ ಹುಟ್ಟಿದವರು, ಅವರಿಗೆ ಹುಟ್ಟಿದವರು ಎಲ್ಲರೂ ಆ ಮನುಷ್ಯ ಬಿಟ್ಟುಕೊಟ್ಟ ಹೊತ್ತಿನಲ್ಲೇ ಹುಟ್ಟಿದವರು ಅಂತ ನಾನು ಇವತ್ತಿಗೂ ತಿಳಿದುಕೊಂಡಿದ್ದೇನೆ.