ರಾಣಿ ತಪ್ಪಿಸಿದ ಸೋಮವಾರ

ರಾಣಿಯ ಮುತ್ತಾತ ತಿಮ್ಮಯ್ಯ ಸೋಸಲೆ ಕಡೆಯ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದ. ಹೊಳೆ ಕೆಂಪಗೆ ಉಕ್ಕಿ, ಮಿಕ್ಕವರು ಹರಿಗೋಲು ಕವುಚಿ ಹಾಕಿ ಕೂತ ದಿನ ಹೆರಿಗೆ ನೋವಿನ ಹೆಂಗಸನ್ನು ಆಚೆ ದಡಕ್ಕೆ ಮುಟ್ಟಿಸಿ ಬಂದವನು. ಅವನ ಸೊಸೆ ಮಂಚಮ್ಮ ಸೂಲಗಿತ್ತಿ. ಕರೆ ಬಂದರೆ ಒಲೆಯ ಮೇಲಿನ ಎಸರನ್ನೂ ಇಳಿಸದೆ ಎದ್ದು ಹೋಗುತ್ತಿದ್ದಳು. ಮಂಚಮ್ಮನ ಮಗ ಚೆಲುವರಾಜು ತಿ. ನರಸೀಪುರದ ನಮ್ಮ ಸಣ್ಣ ಚರ್ಚಿನ ಗಂಟೆ ಹೊಡೆಯುತ್ತಿದ್ದ. ಯಾರ ಮನೆಯಲ್ಲಿ ಯಾವತ್ತು ಪ್ರಾರ್ಥನೆ ಎಂದು ಸೈಕಲ್ ತುಳಿದು ನಂಜನಗೂಡಿನವರೆಗೂ ತಿಳಿಸಿ ಬರುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ದಿನವನ್ನೂ ತಪ್ಪು ಹೇಳಲಿಲ್ಲ. ಆ ಚೆಲುವರಾಜುವಿನ ಮಗಳು ರಾಣಿ. ವಯಸ್ಸು ಐವತ್ತೆರಡು, ಕಸುಬು ಹೊಲಿಗೆ, ಚರ್ಚಿನ ಸಭೆಗೆ ಕಾರ್ಯದರ್ಶಿ.

ನಂಜನಗೂಡಿನ ಸಭೆಗೂ ನಮ್ಮ ಸಭೆಗೂ ಒಬ್ಬರೇ ಪಾದ್ರಿ ಅಯ್ಯನವರು ಎಂದಾದ ಮೇಲೆ ತಾರೀಕುಗಳು ಡಿಕ್ಕಿ ಹೊಡೆಯತೊಡಗಿದವು. ಅಲ್ಲಿ ಮದುವೆ ಒಪ್ಪಿಕೊಂಡ ಹೊತ್ತಿಗೇ ಇಲ್ಲಿ ದೀಕ್ಷಾಸ್ನಾನ. ಎಲ್ಲರ ಫೋನಿನಲ್ಲೂ ಒಂದೇ ಕ್ಯಾಲೆಂಡರ್ ಇರಲಿ ಎಂದು ಕಮಿಟಿ ತೀರ್ಮಾನ ಮಾಡಿ, ಆರಿಸುವ ಕೆಲಸವನ್ನು ರಾಣಿಗೆ ಒಪ್ಪಿಸಿತು. ಅವಳು ತಿಂಗಳಿಡೀ ಮೂರು ಕ್ಯಾಲೆಂಡರ್‌ಗಳನ್ನು ತಿರುವಿ ನೋಡಿದಳು. ಒಂದು ಪೂರಾ ಇಂಗ್ಲಿಷು. ಇನ್ನೊಂದು ತಲೆಗೊಂದು ಇಮೇಲ್ ಕೇಳುತ್ತಿತ್ತು. ಮೂರನೆಯದು ಕನ್ನಡದಲ್ಲಿತ್ತು, ಗುಂಡಿ ಒತ್ತುವ ಸಣ್ಣ ಫೋನಿಗೂ ಸುದ್ದಿ ಕಳಿಸುತ್ತಿತ್ತು. ಕಮಿಟಿಯ ರವಿ ಮೇಷ್ಟ್ರು ಇಮೇಲಿನದೇ ಗಟ್ಟಿ ಎಂದರು. ರಾಣಿ ಬಗ್ಗಲಿಲ್ಲ. ನಮ್ಮ ಮುದುಕಿಯರಿಗೆ ಓದಲು ಬರದ್ದನ್ನು ತಂದು ಏನು ಮಾಡುವುದು ಎಂದು ಕೇಳಿ ಮೂರನೆಯದನ್ನೇ ಹಾಕಿಸಿದಳು.

ಅದರೊಳಗೆ ಹದಿನಾರು ಎಂಬ ಊರಿನ ಮುದುಕಿ ಮುದ್ದಮ್ಮನ ಹೆಸರೂ ಸೇರಿತು. ಮುದ್ದಮ್ಮನ ಮೈಯಲ್ಲಿ ರಕ್ತ ಊರುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಸೋಮವಾರ, ನಂಜನಗೂಡಿನ ಆಸ್ಪತ್ರೆಯಲ್ಲಿ ರಕ್ತ ಏರಿಸಬೇಕು. ಹನ್ನೆರಡು ಗಂಟೆಯೊಳಗೆ ಹೋಗದಿದ್ದರೆ ಮುಂದಿನ ಸೋಮವಾರವೇ ಗತಿ. ಅಲ್ಲಿಯವರೆಗೆ ಅವಳು ತಡೆಯುವವಳಲ್ಲ. ಸಭೆಯ ರಘು ತನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಮುಂಚೆ ರಾಣಿ ಹಿಂದಿನ ದಿನ ಅವನಿಗೆ ಫೋನು ಮಾಡಿ ನೆನಪಿಸುತ್ತಿದ್ದಳು. ಈಗ ಕ್ಯಾಲೆಂಡರ್ ನೆನಪಿಸಲಿ ಎಂದು ಬಿಟ್ಟಳು. ಎಷ್ಟು ದಿನಕ್ಕೊಮ್ಮೆ ಎಂದು ಅದು ಕೇಳಿತು. ಹದಿನೈದು ಎಂದು ಒತ್ತಿದಳು.

ದೇವನೂರಿನ ಶುಕ್ರವಾರದ ಪ್ರಾರ್ಥನೆಯನ್ನು ಎಂಟು ದಿನಕ್ಕೊಮ್ಮೆ ಎಂದು ಹಾಕಿದ್ದಳು. ಅದು ಮುಂದಿನ ವಾರ ಶನಿವಾರ ಎಂದು ತೋರಿಸಿದಾಗ ಬೆರಳು ಜಾರಿರಬೇಕು ಎಂದುಕೊಂಡು, ಅದೊಂದನ್ನು ತಿದ್ದಿ ಸುಮ್ಮನಾದಳು.

ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೊಲಿಗೆ ಮಿಷನ್ನಿನ ಮೇಲಿದ್ದ ಫೋನು ಸದ್ದು ಮಾಡಿತು. ‘ನಾಳೆ: ಮುದ್ದಮ್ಮ, ಆಸ್ಪತ್ರೆ.’ ನಾಳೆ ಮಂಗಳವಾರ. ರಾಣಿ ಬೆರಳು ಮಡಿಸಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಮುದ್ದಮ್ಮನ ಸೋಮವಾರ ಇವತ್ತೇ. ಮುದ್ದಮ್ಮ ಏಳು ಗಂಟೆಗೇ ಹೊರಟು ಕೂತಿರುತ್ತಾಳೆ.

ರಘುವಿಗೆ ಫೋನು ಮಾಡಿದರೆ ಅವನು ಬಾಡಿಗೆಗೆಂದು ಕೊಳ್ಳೇಗಾಲ ದಾಟಿದ್ದ. ಮುದ್ದಮ್ಮನಿಗೆ ಆರು ಸಲ ಮಾಡಿದಳು. ಗಂಟೆ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಹಳದಿ ದಾರ ಕುತ್ತಿಗೆಯಲ್ಲಿ ನೇತಾಡುತ್ತಿದ್ದಂತೆಯೇ ಓಡಿ ಆಟೋ ಹತ್ತಿದಳು. ಹತ್ತು ಮಾರಿಗೊಮ್ಮೆ ಬೇಗ ಬೇಗ ಎನ್ನುತ್ತಿದ್ದವಳಿಗೆ ಆಟೋದವನು ತಿರುಗಿ, “ಅಕ್ಕ, ಇದು ಆಟೋ ಕಣಕ್ಕ, ಇಮಾನ ಅಲ್ಲ” ಎಂದ. ಆಮೇಲೆ ಕನ್ನಡಿಯಲ್ಲಿ ಅವಳ ಮುಖ ಕಂಡು, ಜೋರಾಗಿ ಓಡಿಸಿದ. ದಾರಿಯುದ್ದಕ್ಕೂ ರಾಣಿಯ ಕಣ್ಣೆದುರು ಬಾಗಿಲು ತೆರೆದ ಒಂದು ಮನೆ, ಒಳಗೆ ಚಾಪೆ, ಚಾಪೆಯ ಮೇಲೆ ಅಲುಗದ ಕಾಲು. ದೇವರೇ ಎಂದು ಶುರು ಮಾಡಿದ ಪ್ರಾರ್ಥನೆ ಅಲ್ಲೇ ನಿಲ್ಲುತ್ತಿತ್ತು.

ಮುದ್ದಮ್ಮ ಜಗಲಿಯ ಮೇಲಿದ್ದಳು. ಒಳ್ಳೆ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ತುಟಿ ಸುಣ್ಣದ ಬಣ್ಣ. ರಾಣಿ ಮೂಗಿನ ಹತ್ತಿರ ಕೈ ಹಿಡಿದಳು. ಬಿಸಿ ತಾಗಿತು. ಫೋನು ಒಳಗೆ ಚೀಲದಲ್ಲಿ ಬಡಿದುಕೊಂಡದ್ದು ಕೇಳಿಸಿತ್ತಂತೆ, ಎದ್ದು ಹೋಗಲು ಮುದುಕಿಗೆ ಆಗಿರಲಿಲ್ಲ.

ಆಟೋದಲ್ಲಿ ಅವಳನ್ನು ಮೈಗೆ ಒತ್ತಿ ಹಿಡಿದುಕೊಂಡು ರಾಣಿ ತಪ್ಪು ಒಪ್ಪಿಕೊಂಡಳು.

“ದಿನ ತಪ್ಪಾಗಿ ಆಕ್ಬುಟ್ಟೆ ಕಣಕ್ಕ. ಅದಿನೈದು ಅಂತ ಒತ್ಬುಟ್ಟೆ.”

ಮುದ್ದಮ್ಮ ಏದುತ್ತಲೇ ಕೇಳಿದಳು. “ಸೋಮಾರದಿಂದ ಸೋಮಾರಕ್ಕೆ ಅದಿನೈದೇ ತಾನೆ? ಸರಿಯಾಗೇ ಆಕಿದ್ದೀಯಲ್ಲ.”

“ಅದು ಮೊದ್ಲ ಸೋಮಾರವ ಬುಟ್ಟು ಎಣಿಸ್ತದೆ. ಅದಿನಾಕು ಅಂತ ಆಕ್ಬೇಕಿತ್ತು.”

“ಮೊದ್ಲ ಸೋಮಾರ ಏನ್ ಪಾಪ ಮಾಡಿತ್ತಂತೆ ಅದಕ್ಕೆ?”

ನಗಲು ಹೋಗಿ ಮುದ್ದಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ಅದು ಬಿಡಿಸಿಕೊಳ್ಳುವವರೆಗೆ ರಾಣಿ ಅವಳ ಬೆನ್ನು ನೀವಿದಳು.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಹೆಸರು ಬರೆದುಕೊಂಡರು. ರಕ್ತ ಹನಿ ಹನಿಯಾಗಿ ಇಳಿಯತೊಡಗಿತು, ಮುದ್ದಮ್ಮ ನಿದ್ದೆ ಹೋದಳು. ರಾಣಿ ಬೆಂಚಿನ ಮೇಲೆ ಕೂತು ಫೋನು ತೆಗೆದು, ಎಂಟು ಎಂದೂ ಹದಿನೈದು ಎಂದೂ ತಾನು ಒತ್ತಿದ ಮನೆಗಳನ್ನೆಲ್ಲ ಹುಡುಕಿದಳು. ಇನ್ನೂ ಹನ್ನೊಂದು ಸಿಕ್ಕವು. ಅದರಲ್ಲಿ ವಾರಕ್ಕೊಂದೇ ಮಾತ್ರೆ ನುಂಗಬೇಕಾದ ಸೋಸಲೆಯ ಮುದುಕರೊಬ್ಬರೂ ಇದ್ದರು. ಅವರ ಹೆಸರು ಓದುವಾಗ ಫೋನು ಜಾರಿ ನೆಲಕ್ಕೆ ಬಿತ್ತು.

ಸುದ್ದಿ ತಿಳಿದು ಮಧ್ಯಾಹ್ನ ಅಯ್ಯನವರೂ ರವಿ ಮೇಷ್ಟ್ರೂ ಬಂದರು. ಯಾರೂ ಬೈಯಲಿಲ್ಲ. ಫೋನು ಹಿಡಿದ ಅವಳ ಕೈ ನೋಡಿ ಅಯ್ಯನವರು, ನೀನು ಒಂದು ತಿಂಗಳು ಸುಧಾರಿಸಿಕೊ ತಾಯಿ ಎಂದರು. ಹನ್ನೊಂದನ್ನೂ ತಾನೇ ಸರಿಮಾಡಿ ಸಂಜೆಯೊಳಗೆ ಮುಗಿಸುತ್ತೇನೆ ಎಂದು ಮೇಷ್ಟ್ರು ಕೈ ಚಾಚಿದರು. ರಾಣಿ ಫೋನನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

“ಬ್ಯಾಡಿ ಮೇಷ್ಟ್ರೆ. ನೀವಾದ್ರೆ ಇಲ್ಲೇ ಕೂತ್ಕಂಡು ತಿದ್ತೀರಿ. ಆ ಅನ್ನೊಂದು ಮನೆಗೂ ಓಗಿ, ನಾನು ದಿನ ತಪ್ಪಾಗಿ ಆಕಿವ್ನಿ, ನಿಮ್ದು ಯಾವ ವಾರ ಏಳಿ ಅಂತ ಕೇಳ್ಬೇಕು. ಅದ ನಾನೇ ಕೇಳ್ಬೇಕು. ಕೈ ನಡುಗ್ತಾದೆ, ನಿಜ. ನಡುಗ್ಲಿ, ಎರಡು ಸಲ ನೋಡಿ ಒತ್ತೀನಿ. ಸೋಸಲೆ ಬಸ್ಸಿಗೆ ಒತ್ತಾಯ್ತು. ನನ್ ಜೊತೆ ಯಾರೂ ಬರ್ಬ್ಯಾಡಿ, ಮುದ್ದಮ್ಮನ ತಾವ ಕೂತ್ಕಳಿ.”