ಕಾರು ಮಂಟಪವಲ್ಲ

ಬಿ.ಸಿ. ರೋಡಿನಿಂದ ಹೊರಡುವಾಗಲೇ ಒಂದು ನಿಯಮ ಮಾಡಿಕೊಂಡಿದ್ದೆವು. ಸರದಿಯಂತೆ ಒಬ್ಬೊಬ್ಬರು ಒಂದೊಂದು ಹಾಡು ಹಾಕಬೇಕು, ಇನ್ನೊಬ್ಬರ ಹಾಡನ್ನು ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ. ನಾವು ಮೂವರು ಡಿಗ್ರಿಯ ಕಾಲದ ಗೆಳತಿಯರು. ಕಾರು ಓಡಿಸುತ್ತಿದ್ದವಳು ಕುಣಿಯುವ ಹಾಡುಗಳನ್ನೇ ಹಾಕುತ್ತಿದ್ದಳು. ಸ್ಟೇರಿಂಗಿನ ಮೇಲೆ ತಾಳ ಹಾಕುವ ಭರದಲ್ಲಿ ಹಂಪ್ ಬಂದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕೂತವಳಿಗೆ ಇನ್ನು ಕೆಲವು ವಾರಗಳಲ್ಲಿ ಮದುವೆ, ಆಮೇಲೆ ಗಂಡನ ಜೊತೆ ದುಬೈ. ಅವಳದ್ದು ಹಳೆಯ ಸಿನಿಮಾಗಳ ನಿಧಾನದ ಹಾಡುಗಳು. ಹಿಂದಿನ ಸೀಟಿನಲ್ಲಿ ನಾನು. ನನ್ನ ಸರದಿ ಬಂದಾಗ ವೀಣೆ ಹಾಕಿದೆ.

"ಇದೆಂಥದು ಮಾರಾಯ್ತಿ, ಹಲ್ಲಿನ ಡಾಕ್ಟ್ರ ಕ್ಲಿನಿಕ್‌ನಲ್ಲಿ ಕೂತ ಹಾಗೆ ಆಗ್ತದೆ," ಎಂದಳು ಕಾರು ಓಡಿಸುವವಳು.

"ನಿಲ್ಲಿಸುವ ಹಾಗಿಲ್ಲ," ಎಂದೆ.

"ಆಯ್ತು, ಹಲ್ಲು ಕೀಳುವವರೆಗೆ ಕಾಯುವ."

ನಾವು ಹೊರಟದ್ದು ಬೆಳ್ತಂಗಡಿಯ ಹತ್ತಿರದ ದೊಡ್ಡಮ್ಮನ ಮನೆಗೆ. ದೊಡ್ಡಮ್ಮ ಎಂದರೆ ಮದುಮಗಳ ತಾಯಿಯ ಅಕ್ಕ. ಅಪ್ಪ ಅಮ್ಮ ಇಬ್ಬರೂ ಗಲ್ಫಿನಲ್ಲಿದ್ದುದರಿಂದ ಹತ್ತನೇ ತರಗತಿಯವರೆಗೆ ಇವಳನ್ನು ಸಾಕಿದವರು ಅವರು. ದೊಡ್ಡಮ್ಮ ಬೀಡಿ ಕಟ್ಟುತ್ತಾ ಶೋಭಾನೆ ಹೇಳುತ್ತಿದ್ದರಂತೆ, ಇವಳು ಅದನ್ನು ಕೇಳುತ್ತಾ ನಿದ್ದೆ ಹೋಗುತ್ತಿದ್ದಳಂತೆ. ಮದುವೆಯಲ್ಲಿ ಹೆಂಗಸರು ಹೇಳುವ ಆ ಹಾಡುಗಳ ಜಾಗಕ್ಕೆ ಈಗ ಹೆಚ್ಚಿನ ಕಡೆ ಡಿ.ಜೆ. ಬಂದಿದೆ. ಆದರೆ ತನ್ನನ್ನು ಮಂಟಪಕ್ಕೆ ಕರೆತರುವಾಗ ದೊಡ್ಡಮ್ಮನೇ ಶೋಭಾನೆ ಹೇಳಬೇಕು ಎನ್ನುವುದು ಇವಳ ಹಠ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಗಂಡನಿಲ್ಲದವರು ಅವರ ಕಡೆ ಶೋಭಾನೆ ಹೇಳುವುದಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ದೊಡ್ಡಮ್ಮ "ಆಗುದಿಲ್ಲ" ಎಂದಿದ್ದರು.

"ಇವತ್ತು ನೀನು ಅವರಿಗೆ ಹೇಳು," ಎಂದು ಮದುಮಗಳು ನನ್ನ ಕಡೆ ತಿರುಗಿದಳು. "ಟೀಚರ್ ಅಂತ ನಿನ್ನ ಮೇಲೆ ಅವರಿಗೆ ಒಂದು ಮರ್ಯಾದೆ ಉಂಟು."

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪುಂಜಾಲಕಟ್ಟೆ ದಾಟುವಾಗಲೇ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಆ ಸಂಪ್ರದಾಯ ತಪ್ಪು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಅದನ್ನು ಅವರ ಮನೆಯಲ್ಲಿ ಕೂತು, ಅವರಿಗೇ, ನಾನು ಹೇಳಬೇಕೇ ಎನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ದೊಡ್ಡಮ್ಮ ಜಗಲಿಯಲ್ಲಿ ಮಡಿಲ ಮೇಲೆ ಬೀಡಿಯ ತಟ್ಟೆ ಇಟ್ಟುಕೊಂಡು ಕೂತಿದ್ದರು. ಬೆಲ್ಲ ನೀರು ಕೊಟ್ಟರು. ಗೆಳತಿಯರ ಜೊತೆ ತುಳುವಿನಲ್ಲಿ ಮಾತು, ನನ್ನ ಜೊತೆ ಶಾಲೆಯ ಕನ್ನಡ. ನನ್ನ ಮನೆಮಾತು ತುಳುವಲ್ಲ ಎಂದು ಮೊದಲ ಸಲ ಹೋದಾಗ ಯಾರೋ ಹೇಳಿದ್ದರು. ನನಗೆ ತುಳು ಬರುವುದೇ ಇಲ್ಲ ಎಂದು ಅವರು ತಿಳಿದುಕೊಂಡಿದ್ದರು. ನನಗೆ ಚೆನ್ನಾಗಿಯೇ ಬರುತ್ತದೆ. ತಿದ್ದುವ ಸಮಯ ಎಂದೋ ದಾಟಿಹೋಗಿತ್ತು.

ಕೋಳಿ ಸಾರಿನ ಜೊತೆ ಪುಂಡಿ, ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ, ಬಡಿಸಿದರು; ನನಗೆ ಬೇರೆಯಾಗಿ ಚಟ್ನಿ. ಅವರ ಪುಂಡಿಯ ಅಕ್ಕಿ ಸ್ವಲ್ಪ ತರಿಯಾಗಿರುತ್ತದೆ, ಬಿಸಿ ಆರುವ ಮೊದಲೇ ತಿನ್ನಬೇಕು. ಆದರೆ ನಾನು ತಿನ್ನುವುದನ್ನು ಬಿಟ್ಟು ಮಾತನಾಡಿದೆ. ಸಾವಿಗೂ ಸ್ವರಕ್ಕೂ ಸಂಬಂಧವಿಲ್ಲ ಎಂದೆ. ಸಾಕಿದವರ ಹಾರೈಕೆಗಿಂತ ದೊಡ್ಡದು ಇಲ್ಲ ಎಂದೆ. ಅವರು ಕೊನೆಯವರೆಗೂ ತಲೆಯಾಡಿಸುತ್ತಾ ಕೇಳಿದರು.

"ನೀವು ಹೇಳಿದ್ದು ಎಲ್ಲವೂ ಸರಿ ಟೀಚರ್. ಇನ್ನೊಂದು ಪುಂಡಿ ಹಾಕುತ್ತೇನೆ."

ಮದುಮಗಳಿಗೆ ತಡೆಯಲಾಗಲಿಲ್ಲ. "ದೊಡ್ಡಪ್ಪ ಹೋದ ಮೇಲೂ ನನ್ನ ಜಡೆ ಹಾಕಿದ್ದು ನೀವೇ. ಕೈ ಆಗ್ತದೆ, ಬಾಯಿ ಆಗುದಿಲ್ವಾ?"

"ಜಡೆ ಹಾಕುದನ್ನು ಯಾರೂ ನೋಡ್ಲಿಲ್ಲ ಮಗಾ. ಮಂಟಪವನ್ನು ಊರೇ ನೋಡ್ತದೆ. ನಾಳೆ ಅಲ್ಲಿ ದುಬೈಯಲ್ಲಿ ನಿನಗೊಂದು ತಲೆನೋವು ಬಂದ್ರೂ ಅದು ನನ್ನ ಸ್ವರದ ಲೆಕ್ಕಕ್ಕೆ ಹೋಗ್ತದೆ."

"ಹೋಗ್ಲಿ. ನನಗೇನು?"

"ನಿನಗೆ ಏನೂ ಇಲ್ಲ. ಕೇಳಬೇಕಾದದ್ದು ನಾನಲ್ವಾ?"

ಆಗ ಕಾರು ಓಡಿಸುವವಳು ಬೆರಳು ನೆಕ್ಕುತ್ತಾ ಹೇಳಿದಳು: "ರೆಕಾರ್ಡ್ ಮಾಡಿ ಮಂಟಪದಲ್ಲಿ ಹಾಕುವ ದೊಡ್ಡಮ್ಮ. ಮೊಬೈಲಿಗೇನೂ ಗಂಡ ಸತ್ತದ್ದು ಇಲ್ವಲ್ಲ."

ನಾನು ತಟ್ಟೆ ನೋಡಿದೆ. ಇನ್ನು ಎದ್ದು ಹೋಗಬೇಕಾಗುತ್ತದೆ ಎಂದುಕೊಂಡೆ. ಆದರೆ ದೊಡ್ಡಮ್ಮ ಕೆಮ್ಮು ಬರುವಷ್ಟು ನಕ್ಕರು. "ಇವಳ ಬಾಯಿಗೆ ಬೀಗ ಹಾಕುವವನು ಇನ್ನೂ ಹುಟ್ಟಲಿಲ್ಲ!" ಕಣ್ಣೊರೆಸಿಕೊಂಡರು. ಅಷ್ಟು ಹೊತ್ತು ನಾನು ಹೇಳಿದ ಯಾವ ಮಾತಿಗೂ ಆಗದ್ದು ಈ ಒರಟು ಮಾತಿಗೆ ಹೇಗಾಯಿತೋ ಈಗಲೂ ತಿಳಿಯದು.

"ಇಲ್ಲಿ ಬೇಡ," ಎಂದರು. "ನನ್ನನ್ನು ಬೆದ್ರಕ್ಕೆ ಬಿಡಿ, ಮಗಳ ಮನೆಗೆ ಹೇಗೂ ಹೋಗ್ಲಿಕ್ಕುಂಟು. ದಾರಿಯಲ್ಲಿ ಹೇಳ್ತೇನೆ. ಕಾರು ಮನೆಯೂ ಅಲ್ಲ, ಮಂಟಪವೂ ಅಲ್ಲ."

ಬೆದ್ರ ಎಂದರೆ ಮೂಡುಬಿದಿರೆ. ಅವರು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಗುರುವಾಯನಕೆರೆಯಲ್ಲಿ ವೇಣೂರಿನ ಕಡೆ ತಿರುಗುವವರೆಗೂ ನಮ್ಮ ಹಾಡುಗಳನ್ನು ಕೇಳಿದರು, ನಿಯಮವನ್ನೂ ಕೇಳಿ ತಿಳಿದುಕೊಂಡರು. ವೀಣೆ ಬಂದಾಗ ನಿದ್ದೆಹೋದರು. ಆಮೇಲೆ ಎಚ್ಚೆತ್ತು, "ಈಗ ನನ್ನ ಸರದಿಯಾ?" ಎಂದರು.

ಗಾಜು ಏರಿಸಿ ಎ.ಸಿ. ನಿಲ್ಲಿಸಿದೆವು. ನಾನು ಫೋನ್ ಹಿಡಿದೆ. ಹಾಡು ಇಷ್ಟೇ: ಮದುಮಗಳಿಗೆ ತವರಿನ ಒಂದೊಂದು ವಸ್ತುವನ್ನು ತೋರಿಸಿ, ಇದು ಇನ್ನು ನಿನ್ನದಲ್ಲ, ಇದೂ ನಿನ್ನದಲ್ಲ ಎನ್ನುವುದು. ಬಾವಿಯ ಹಗ್ಗ, ಕಡೆಯುವ ಕಲ್ಲು, ಮಲಗುವ ಚಾಪೆ. ಅವರ ಸ್ವರ ನಾನು ಊಹಿಸಿದ್ದಕ್ಕಿಂತ ಒರಟಾಗಿತ್ತು, ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು. ಖಾಲಿ ಬೆರಳುಗಳು ಮಡಿಲಲ್ಲಿ ಬೀಡಿ ಸುತ್ತುತ್ತಲೇ ಇದ್ದವು. ಮುಂದೆ ಕೂತವಳು ತಿರುಗಿ ನೋಡಲಿಲ್ಲ. ಅವಳ ಕುತ್ತಿಗೆಯ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು.

ಮುಗಿದ ಮೇಲೆ ಸರಿಯಾಗಿ ಬಂದಿದೆಯೋ ನೋಡಲು ಒತ್ತಿದೆ. ಫೋನಿಗೂ ಕಾರಿನ ಸ್ಪೀಕರಿಗೂ ಸಂಪರ್ಕವಿದ್ದದ್ದು ಮರೆತುಹೋಗಿತ್ತು. ಕುಣಿಯುವ ಹಾಡಿಗೆ ಇಟ್ಟಿದ್ದ ಅದೇ ಜೋರಿನಲ್ಲಿ ದೊಡ್ಡಮ್ಮನ ಸ್ವರ ನಾಲ್ಕೂ ಬಾಗಿಲುಗಳಿಂದ ಬಂತು. ಅವರು ಬೆಚ್ಚಿದರು. ಮೊದಲ ಸಾಲು ಮುಗಿಯುವ ಮೊದಲೇ ನನ್ನ ಮೊಣಕೈ ಹಿಡಿದುಕೊಂಡರು.

"ಅಳಿಸಿ ಟೀಚರ್."

"ಯಾಕೆ ದೊಡ್ಡಮ್ಮ?" ಎಂದಳು ಮುಂದಿನಿಂದ ಮದುಮಗಳು.

"ಮದುವೆ ಹಾಲ್‌ನಲ್ಲಿ ಇದು ಹೀಗೇ ಕೇಳ್ತದಲ್ವಾ? ಯಾರು ಹೇಳಿದ್ದು ಅಂತ ಎಲ್ಲರೂ ತಿರುಗಿ ನೋಡ್ತಾರೆ. ಆಗ ನಾನು ಎಲ್ಲಿ ಕೂತಿರಬೇಕು?"

ಅವರು ಕೈ ಬಿಡಲಿಲ್ಲ. ನಾನು ಅಳಿಸಿದೆ.

"ನಿನ್ನತ್ರ ಅಳಿಸ್ಲಿಕ್ಕೆ ಯಾರು ಹೇಳಿದ್ದು?" ಎಂದು ಮದುಮಗಳು ಕೇಳಿದಳು. ಹೇಳಿದವರು ನನ್ನ ಪಕ್ಕದಲ್ಲೇ ಇದ್ದರು. ಆದರೂ ಅದು ಕೇಳಬೇಕಾದ ಪ್ರಶ್ನೆಯೇ ಎನಿಸಿತು. ಅದು ಯಾರ ಹಾಡು? ಹೇಳಿದವರದ್ದೋ, ಯಾರಿಗಾಗಿ ಹೇಳಿದರೋ ಅವರದ್ದೋ? ವೇಣೂರು ಕಳೆದು ಮೂಡುಬಿದಿರೆ ಬರುವವರೆಗೂ ಯಾರ ಸರದಿಯೂ ಬರಲಿಲ್ಲ.

ಮಗಳ ಮನೆಯ ಗೇಟಿನಲ್ಲಿ ಇಳಿಯುವಾಗ ದೊಡ್ಡಮ್ಮ ನನ್ನ ಕೆನ್ನೆ ಮುಟ್ಟಿ, ನಿಧಾನ ಹೋಗು, ಇವಳು ನಿನ್ನ ಮೇಲೆ ಸಿಟ್ಟು ಮಾಡಿದರೆ ಬೇಸರಿಸಬೇಡ ಎಂದರು. ತುಳುವಿನಲ್ಲಿ. ನನಗೆ ಗಾಬರಿಯಾಗಿ ಕನ್ನಡದಲ್ಲಿ "ಆಗಬಹುದು" ಎಂದೆ.

ಅಳಿಸಿದ್ದು ಕೆಲವು ದಿನ ಫೋನಿನ ಇನ್ನೊಂದು ಮೂಲೆಯಲ್ಲಿ ಉಳಿದಿರುತ್ತದೆ. ಅದು ನನಗೆ ಗೊತ್ತಿತ್ತು, ಮದುಮಗಳಿಗೆ ಹೇಳಲಿಲ್ಲ. ಒಂದೆರಡು ಸಲ ಅಲ್ಲಿಯವರೆಗೆ ಹೋಗಿ ನೋಡಿದೆ, ಕೇಳಲಿಲ್ಲ. ಮದುವೆಯ ಹೊತ್ತಿಗೆ ಅದು ತಾನಾಗಿ ಹೋಗಿತ್ತು.

ಮದುವೆ ಬಂಟ್ವಾಳದ ಒಂದು ಹಾಲಿನಲ್ಲಿ. ಮದುಮಗಳು ಮಂಟಪಕ್ಕೆ ಬರುವಾಗ ಡಿ.ಜೆ.ಯ ಸಿನಿಮಾ ಹಾಡು. ದೊಡ್ಡಮ್ಮ ಊಟದ ಕೋಣೆಯ ಬಾಗಿಲ ಹತ್ತಿರ, ಕೊನೆಯ ಸಾಲಿನಲ್ಲಿ ಕೂತಿದ್ದರು. ಯಾರೂ ಅವರನ್ನು ಅಲ್ಲಿಗೆ ಕಳಿಸಿರಲಿಲ್ಲ. ಯಾರೂ ಮುಂದೆ ಬನ್ನಿ ಎಂದದ್ದನ್ನೂ ನಾನು ನೋಡಲಿಲ್ಲ. ನಾನೂ ಕರೆಯಲಿಲ್ಲ, ಕರೆದರೆ ಅವರಿಗೆ ಸಮಾಧಾನವೋ ಸಂಕಟವೋ ತಿಳಿಯದೆ ಎರಡು ಸಲ ಎದ್ದು ಎರಡು ಸಲ ಕೂತೆ.

ಊಟವಾಗಿ ಮದುಮಗಳನ್ನು ಕಳುಹಿಸಿಕೊಡುವ ಹೊತ್ತು. ಹೂವಿನ ಕಾರಿನಲ್ಲಿ ಅವಳನ್ನು ಕೂರಿಸಿದ್ದರು, ಅಳು ನಡೆದಿತ್ತು. ಅವಳು ಹಠಾತ್ತನೆ ಇಳಿದು, ಸೀರೆ ಎತ್ತಿ ಹಿಡಿದುಕೊಂಡು ಹಿಂದೆ ನಿಂತಿದ್ದ ದೊಡ್ಡಮ್ಮನ ಕಡೆ ನಡೆದಳು. ಕೈ ಹಿಡಿದು ಎಳೆದುಕೊಂಡೇ ಬಂದಳು.

"ಎಂಥ ಮಾಡ್ತಿ? ಬಿಡು ಮಗಾ, ಜನ ನೋಡ್ತಾರೆ."

"ಕಾರು ಮಂಟಪ ಅಲ್ಲ ಅಂತ ನೀವೇ ಹೇಳಿದ್ದು. ಕೂತುಕೊಳ್ಳಿ."

ಇಬ್ಬರೂ ಒಳಗೆ ಕೂತರು. ಬಾಗಿಲು ಹಾಕಿಕೊಂಡಿತು, ಗಾಜು ಏರಿತು. ಹಾಲಿನ ಒಳಗಿನಿಂದ ಡಿ.ಜೆ. ಇನ್ನೂ ಬಡಿಯುತ್ತಿತ್ತು. ಗಾಜಿನ ಮೇಲೆ ಚಪ್ಪರದ ನೆರಳು, ಅದರಾಚೆ ದೊಡ್ಡಮ್ಮನ ತುಟಿಗಳು ಅಲುಗುತ್ತಿದ್ದವು. ಮದುಮಗಳ ತಲೆ ತಗ್ಗಿತ್ತು.

ಕಾರು ಓಡಿಸುವ ಗೆಳತಿ ನನ್ನ ಹೆಗಲಿಗೆ ತಾಗಿ ನಿಂತಳು. "ಶೋಭಾನೆ ಹೇಳ್ತಿದ್ದಾರಾ, ಬೈತಿದ್ದಾರಾ?"

"ಗೊತ್ತಾಗುದಿಲ್ಲ."

ಮದುಮಗ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, ತೆರೆಯಬಹುದೋ ಬಾರದೋ ಎನ್ನುವ ಹಾಗೆ ನನ್ನ ಮುಖ ನೋಡಿದ.

"ಸ್ವಲ್ಪ ನಿಲ್ಲಿ," ಎಂದೆ.