ಗುಂಡ್ಲುಪೇಟೆಯ ಕ್ಯಾಸೆಟ್ಟು, ರೀಮಾಸ್ಟರ್ ಸಿ.ಡಿ.

ಕಾಲೇಜಿನ ದಿನಗಳಲ್ಲಿ ಗುಂಡ್ಲುಪೇಟೆಯ ಕ್ಯಾಸೆಟ್ ಅಂಗಡಿಯಲ್ಲಿ ಒಂದು ಇಂಗ್ಲಿಷ್ ರಾಕ್ ಆಲ್ಬಮ್ಮನ್ನು ರೆಕಾರ್ಡ್ ಮಾಡಿಸಿಕೊಂಡಿದ್ದೆ. ಹಾಡುಗಳೆಲ್ಲ ಮುಗಿದ ಮೇಲೂ ಟೇಪು ಉಳಿದಿತ್ತು. ಖಾಲಿ ಬಿಟ್ಟರೆ ಗಿರಾಕಿಗೆ ಮೋಸವಾದೀತೆಂದು ಅಂಗಡಿಯವನು ಕೊನೆಗೆ ಮಲೆ ಮಾದಪ್ಪನ ಪದವೊಂದನ್ನು ತುಂಬಿಸಿಕೊಟ್ಟ. ನಾನು ಜಗಳವಾಡಿದೆ. ಅವ್ವ ಮಾತ್ರ ಆ ಕ್ಯಾಸೆಟ್ಟಿಗೆ ಒಲಿದಳು. ಡ್ರಮ್ಮು, ಗಿಟಾರುಗಳ ಅಬ್ಬರವನ್ನೆಲ್ಲ ಅವರೆಕಾಯಿ ಸುಲಿಯುತ್ತ ಸಹಿಸಿಕೊಂಡು, ಆ ಪದದ ಕಂಸಾಳೆಯ ಸದ್ದು ಕೇಳಿದೊಡನೆ ಕೈ ಮುಗಿಯುತ್ತಿದ್ದಳು.

ಹೋದ ತಿಂಗಳು ಅದೇ ಆಲ್ಬಮ್ಮಿನ ರೀಮಾಸ್ಟರ್ ಮಾಡಿದ ಸಿ.ಡಿ. ತರಿಸಿದೆ. ಹಳೆಯ ಧ್ವನಿಯನ್ನು ತೊಳೆದು ಹೊಸದು ಮಾಡಿದ್ದಾರಂತೆ, ಜೊತೆಗಿನ ಇನ್ನೊಂದು ಸಿ.ಡಿ.ಯಲ್ಲಿ ಹಿಂದೆಂದೂ ಹೊರಬಾರದ ಹಾಡುಗಳೂ ಇವೆಯಂತೆ. ಚಾಮರಾಜನಗರದ ಮನೆಯಲ್ಲಿ ಮೊದಲ ಸಿ.ಡಿ. ಹಾಕಿದೆ. ಅವ್ವ ಎದುರು ಕುಳಿತು ಪೂರ್ತಿ ಕೇಳಿದಳು. ಕೊನೆಯ ಹಾಡು ಮುಗಿಯುವಾಗ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ಸಿ.ಡಿ. ನಿಂತಿತು.

"ಮಾದಪ್ಪನ್ ಪದ ಎಲ್ಲೋಯ್ತು ಮಗ?"

"ಇದ್ರಲ್ಲಿ ಇಲ್ಲ ಕನವ್ವ. ಇದು ಒರಿಜಿನಲ್ಲು."

"ಅಂಗಾದ್ರ ಇಷ್ಟೊತ್ತು ಈ ಗಲಾಟೆಯ ಕೇಳುದ್ದು ಯಾವ ಪುರುಷಾರ್ಥಕ್ಲಾ?"

ಉತ್ತರ ಕೊಡುವ ಮೊದಲು, ನಾನೂ ಮುಗಿದುಕೊಂಡು ಕುಳಿತಿದ್ದ ಕೈಗಳನ್ನು ಇಳಿಸಬೇಕಾಯಿತು.